ಘಟಶ್ರಾದ್ಧದ ಯಮುನಾಗೆ ಆ ವರ್ಷದ ರಾಷ್ಟ್ರ ಪ್ರಶಸ್ತಿ ಬರಬೇಕಿತ್ತಾ?

ಪ್ರಶ್ನೆ

ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ' ಸಿನಿಮಾ ನೋಡಿದವರು ದಯವಿಟ್ಟು ಹೇಳಿ. 1977ರ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಈ ಸಿನಿಮಾಕ್ಕೆ ಶ್ರೇಷ್ಠ ಚಿತ್ರದ ಸ್ವರ್ಣ ಕಮಲ ಬಂತು. ಸಂಗೀತಕ್ಕೆ ಬಿ.ವಿ. ಕಾರಂತರಿಗೆ ಬಂತು. ನಾಣಿ ಪಾತ್ರದ ಹುಡುಗ ಅಜಿತ್ ಕುಮಾರ್‌ಗೆ ಬಾಲನಟ ಪ್ರಶಸ್ತಿ ಬಂತು. ಯಮುನಾ ಆಗಿದ್ದ ಮೀನಾ ಕುಟ್ಟಪ್ಪ ಅವರಿಗೆ ಮಾತ್ರ ಬರಲಿಲ್ಲ. ಶ್ರೇಷ್ಠ ನಟಿ ಪ್ರಶಸ್ತಿ ಹೋಗಿದ್ದು ಹಿಂದಿ ಸಿನಿಮಾ 'ಭೂಮಿಕಾ'ದ ಸ್ಮಿತಾ ಪಾಟೀಲ್ ಅವರಿಗೆ.

ನಾನು ಹವ್ಯಾಸಿ ನಾಟಕದವಳು. ಮಕ್ಕಳ ಜೊತೆ ರಂಗದ ಮೇಲೆ ನಿಂತವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತೆ. ಮಗು ಸುಳ್ಳು ಮಾಡಲ್ಲ. ಎದುರಿಗಿರುವ ದೊಡ್ಡವರು ಸ್ವಲ್ಪ ನಾಟಕ ಮಾಡಿದರೂ ಅದಕ್ಕೆ ತಕ್ಷಣ ಗೊತ್ತಾಗುತ್ತೆ, ಗೊತ್ತಾದ ಕೂಡಲೇ ಅದೂ ಬಿಗಿಯಾಗಿಬಿಡುತ್ತೆ. ನಾಣಿ ಅಷ್ಟು ಸಹಜವಾಗಿ ಕಾಣೋದರಲ್ಲಿ ಅರ್ಧ ಪಾಲು ಎದುರಿಗಿರುವ ಯಮುನಕ್ಕನದು. ವೇದಪಾಠಶಾಲೆಗೆ ಹೊಸದಾಗಿ ಬಂದು ಮನೆ ನೆನೆದು ಕೊರಗುವ ಹುಡುಗ. ದೊಡ್ಡ ಹುಡುಗರು ಕಾಟ ಕೊಡ್ತಾರೆ. ಇವನಿಗೆ ಗುರುಗಳ ಮಗಳು ಯಮುನಾ ಒಬ್ಬಳೇ ದಿಕ್ಕು. ಆ ನಂಟು ನಮಗೆ ನಿಜ ಅನ್ನಿಸದಿದ್ದರೆ ಸಿನಿಮಾದ ಮುಂದಿನ ಯಾವ ದೃಶ್ಯವೂ ನಿಲ್ಲುತ್ತಿರಲಿಲ್ಲ.

ಹುತ್ತದೊಳಗೆ ಕೈ ಹಾಕುವ ದೃಶ್ಯ ನೆನಪು ಮಾಡಿಕೊಳ್ಳಿ. ವಿಧವೆ, ಬಸುರಿ, ಸಾಯಬೇಕು ಅಂತ ತೀರ್ಮಾನ ಮಾಡಿದ್ದಾಳೆ. ಬೇರೆ ಸಿನಿಮಾದಲ್ಲಾದರೆ ಅಲ್ಲೊಂದು ಉದ್ದ ಮಾತು, ದೇವರಿಗೊಂದು ಪ್ರಶ್ನೆ, ಕಣ್ಣೀರು ಎಲ್ಲ ಇರುತ್ತಿತ್ತು. ಇಲ್ಲಿ ಅದ್ಯಾವುದೂ ಇಲ್ಲ. ನಮಗೆ ಸಿಗೋದು ಆ ಕೈ, ಆ ಭಯ, ಅಷ್ಟೇ. ಇಷ್ಟು ಕಡಿಮೆ ಇಟ್ಟುಕೊಂಡು ನಟಿಸೋದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಪ್ರಶಸ್ತಿ ಕೊಡುವವರ ಕಣ್ಣಿಗೆ ಇದು ಬೀಳೋದೇ ಇಲ್ವಾ? ನಿಮ್ಮ ಅಭಿಪ್ರಾಯ ಹೇಳಿ.

ಉತ್ತರ 1

ಮೇಡಂ, ಮೀನಾ ಕುಟ್ಟಪ್ಪ ಅವರ ಅಭಿನಯದ ಬಗ್ಗೆ ನೀವು ಹೇಳಿದ್ದು ಪೂರ್ತಿ ಒಪ್ತೀನಿ. ಆದರೆ ಸ್ಮಿತಾ ಅವರಿಂದ ಆ ಪ್ರಶಸ್ತಿ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲ್ಲ.

'ಭೂಮಿಕಾ'ದಲ್ಲಿ ಒಬ್ಬ ಹೆಂಗಸಿನ ಬದುಕಿನ ಎಷ್ಟೋ ವರ್ಷಗಳನ್ನು ಅವರು ದಾಟುತ್ತಾರೆ. ಮರಾಠಿ ನಟಿ ಹಂಸಾ ವಾಡ್ಕರ್ ಅವರ ಆತ್ಮಕಥೆಯಿಂದ ಬಂದ ಪಾತ್ರ ಅದು. ಚಿಗುರು ವಯಸ್ಸಿನ ಹುಡುಗಿ, ಹೆಸರು ಮಾಡಿದ ನಟಿ, ಹೆಂಡತಿ, ತಾಯಿ, ಗಂಡಸರಿಂದ ಗಂಡಸರಿಗೆ ಓಡಿ ಸುಸ್ತಾದ ಹೆಣ್ಣು. ಸಿನಿಮಾದೊಳಗಿನ ಸಿನಿಮಾಗಳಲ್ಲಿ ಬೇರೆಯದೇ ಧಾಟಿಯಲ್ಲಿ ನಟಿಸಬೇಕು, ಹಾಡಿಗೆ ಕುಣಿಯಬೇಕು, ಕ್ಯಾಮೆರಾ ಆಫ್ ಆದ ತಕ್ಷಣ ಇನ್ನೊಬ್ಬಳಾಗಬೇಕು. ಆಗ ಅವರಿಗಿನ್ನೂ ಇಪ್ಪತ್ತು ದಾಟಿ ಒಂದೆರಡು ವರ್ಷ ಆಗಿತ್ತು ಅಷ್ಟೇ. ಆ ಚಿತ್ರಕಥೆಗೂ ರಾಷ್ಟ್ರ ಪ್ರಶಸ್ತಿ ಬಂತು. ಬರೆದವರಲ್ಲಿ ನಮ್ಮ ಗಿರೀಶ್ ಕಾರ್ನಾಡರೂ ಒಬ್ಬರು.

ಯಮುನಾ ನಮಗೆ ಸಿಗೋದು ನಾಣಿ ನೋಡಿದಷ್ಟೇ. ಅವನಿಗೆ ಅರ್ಥವಾಗದ್ದು ಎಷ್ಟೋ ತೆರೆಯ ಆಚೆ ಉಳಿಯುತ್ತೆ. ಕಥೆ ಇರೋದೇ ಹಾಗೆ. ಎರಡೂ ಪಾತ್ರಗಳನ್ನು ಪಕ್ಕಪಕ್ಕ ಇಟ್ಟರೆ ತೀರ್ಪುಗಾರರು ಸ್ಮಿತಾ ಕಡೆ ವಾಲಿದ್ದರಲ್ಲಿ ನನಗೆ ತಪ್ಪು ಕಾಣಲ್ಲ.

ಉತ್ತರ 2

ಮೇಲಿನವರ ಮಾತಿಗೆ ಒಂದು ತಕರಾರು. ಹುಡುಗನ ಕಣ್ಣಿಂದ ಹೇಳಿದ ಕಥೆ, ಆದ್ದರಿಂದ ನಟಿಗೆ ಜಾಗ ಕಡಿಮೆ ಅನ್ನೋದಾದರೆ 'ಕಾಡು' ಸಿನಿಮಾಕ್ಕೆ ಏನು ಹೇಳ್ತೀರಿ? ಅದೂ ಹುಡುಗನ ಕಣ್ಣಿಂದಲೇ ಕಾಣುವ ಕಥೆ. ಕಿಟ್ಟಿ ನೋಡುತ್ತಾನೆ, ಅವನಿಗೆ ಅರ್ಧ ಅರ್ಥವಾಗುತ್ತೆ, ಅರ್ಧ ಆಗಲ್ಲ. 1973ರ ಸಾಲಿನಲ್ಲಿ ಕಿಟ್ಟಿ ಪಾತ್ರದ ಜಿ.ಎಸ್. ನಟರಾಜ್‌ಗೆ ಬಾಲನಟ ಪ್ರಶಸ್ತಿ ಬಂತು. ಅವನ ಚಿಕ್ಕಮ್ಮನಾಗಿದ್ದ ನಂದಿನಿ ಭಕ್ತವತ್ಸಲ ಅವರಿಗೆ ಶ್ರೇಷ್ಠ ನಟಿ ಪ್ರಶಸ್ತಿಯೂ ಬಂತು. ನಾಲ್ಕು ವರ್ಷ ಮುಂಚೆ ತೀರ್ಪುಗಾರರಿಗೆ ಕಂಡಿದ್ದು 1977ಕ್ಕೆ ಯಾಕೆ ಕಾಣಲಿಲ್ಲ?

ಇನ್ನೊಂದು ವಿಷಯ. ಆಗ ಪೋಷಕ ನಟಿ ಅನ್ನುವ ವಿಭಾಗವೇ ರಾಷ್ಟ್ರ ಪ್ರಶಸ್ತಿಯಲ್ಲಿ ಇರಲಿಲ್ಲ. ಅದು ಶುರುವಾಗಿದ್ದು 1984ರ ಸಾಲಿನಲ್ಲಿ. ಅಂದರೆ ಇಡೀ ದೇಶದ, ಎಲ್ಲ ಭಾಷೆಯ ನಟಿಯರಿಗೂ ಇದ್ದಿದ್ದು ಒಂದೇ ಪ್ರಶಸ್ತಿ. 1976ರಲ್ಲಿ ತಮಿಳು ಸಿನಿಮಾಕ್ಕೆ ಲಕ್ಷ್ಮಿ, 1977ರಲ್ಲಿ ಸ್ಮಿತಾ. ಅಂಥ ಸಾಲಿನಲ್ಲಿ ಹೆಸರಿಲ್ಲದ ಹೊಸಬರು ತೂರಿಕೊಳ್ಳೋದು ಸುಲಭ ಅಲ್ಲ. ಆದರೂ ನಾನು ತೀರ್ಪುಗಾರನಾಗಿದ್ದರೆ ಯಮುನಾ ಪರವಾಗಿ ಜಗಳ ಆಡ್ತಿದ್ದೆ. ಒಬ್ಬರಿಗೇ ಕೊಡಬೇಕಾ, ಹಂಚಿ ಕೊಡೋಣ ಅಂತ ಕೇಳ್ತಿದ್ದೆ.

ಉತ್ತರ 3

ನಾನು ಸ್ವಲ್ಪ ಬೇರೆ ಕಡೆಯಿಂದ ನೋಡ್ತೀನಿ. ಯಮುನಾ ಮುಖ ನಮ್ಮ ಮನಸ್ಸಲ್ಲಿ ಕೂತಿರೋದರಲ್ಲಿ ಎಸ್. ರಾಮಚಂದ್ರ ಅವರ ಕ್ಯಾಮೆರಾ ಪಾಲು ಜಾಸ್ತಿ ಇದೆ. ಆ ಕಪ್ಪು ಬಿಳುಪು, ಆ ಕತ್ತಲು. ಅದಕ್ಕೆ ಕಾರಂತರ ಸಂಗೀತ ಬೇರೆ. ಗಿರೀಶ್ ಕಾಸರವಳ್ಳಿ ಅವರಿಗೆ ಇದು ಮೊದಲ ಸಿನಿಮಾ, ಆದರೂ ಏನನ್ನು ತೋರಿಸಬಾರದು ಅನ್ನೋದು ಅವರಿಗೆ ಎಷ್ಟು ಸ್ಪಷ್ಟವಾಗಿತ್ತು ನೋಡಿ. ಸ್ವರ್ಣ ಕಮಲ ಬಂತು ಅಂದರೆ ಅದರಲ್ಲಿ ನಟಿಯ ಪಾಲೂ ಸೇರಿಕೊಂಡಿದೆ ಅಂತ ನಾನು ತಿಳಿದುಕೊಂಡಿದ್ದೀನಿ. ಬೇರೆಯಾಗಿ ತೂಗೋದು ಹೇಗೆ?

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಥ್ಯಾಂಕ್ಸ್. 'ಕಾಡು' ನೆನಪು ಮಾಡಿದವರಿಗೆ ವಿಶೇಷವಾಗಿ. ನನ್ನ ಮನಸ್ಸಲ್ಲಿದ್ದ ಮಾತಿಗೆ ಅದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

ಕ್ಯಾಮೆರಾ ಬಗ್ಗೆ ಹೇಳಿದವರೇ, ರಾಮಚಂದ್ರ ಅವರ ಕೆಲಸದ ಮೇಲೆ ನನಗೂ ಅಷ್ಟೇ ಗೌರವ ಇದೆ. ಆದರೆ 'ಸಿನಿಮಾಕ್ಕೆ ಬಂದರೆ ಎಲ್ಲರಿಗೂ ಬಂದ ಹಾಗೆ' ಅನ್ನೋ ಮಾತು ನನಗೆ ಹಿಡಿಸಲ್ಲ. ಸಂಗೀತವನ್ನು ಬೇರೆಯಾಗಿ ತೂಗಿದರು. ಹುಡುಗನನ್ನು ಬೇರೆಯಾಗಿ ತೂಗಿದರು. ನಟಿಯ ಸರದಿ ಬಂದಾಗ ಮಾತ್ರ ಎಲ್ಲ ಸೇರಿ ಒಂದೇ ಅನ್ನೋದು ಸರಿನಾ? ಬೆಳಕು ಎಷ್ಟೇ ಚೆನ್ನಾಗಿರಲಿ, ಅದು ಬೀಳುವ ಮುಖದಲ್ಲಿ ಏನಾದರೂ ನಡೀತಿರಬೇಕು ಅಲ್ವಾ? ಕೊನೆಗೆ ತಲೆ ಬೋಳಿಸಿಕೊಂಡು ಮರದಡಿ ಕೂತಿರುವ ಯಮುನಾಳನ್ನು ನೋಡಿ. ಅಪ್ಪನೇ ಬದುಕಿರುವ ಮಗಳ ಶ್ರಾದ್ಧ ಮಾಡಿ ಮುಗಿಸಿದ್ದಾನೆ. ಈ ವಯಸ್ಸಲ್ಲಿ ತಾನು ಎಳೆ ಹುಡುಗಿಯನ್ನು ಮದುವೆಯಾಗಲು ಹೊರಟಿದ್ದಾನೆ. ಇವಳ ಬಾಯಲ್ಲಿ ಒಂದು ಶಾಪವೂ ಇಲ್ಲ. ಅಲ್ಲಿ ಮೀನಾ ಅವರು ಕರುಣೆ ಕೇಳಲ್ಲ. 'ಅಯ್ಯೋ ಪಾಪ' ಅನ್ನಿಸಿಕೊಳ್ಳುವ ಆಸೆ ಯಾವ ನಟಿಗೂ ಸಹಜವಾಗಿ ಬರುತ್ತೆ, ರಂಗದ ಮೇಲೆ ನನಗೂ ಬಂದಿದೆ. ಅದನ್ನು ಬಿಟ್ಟುಕೊಟ್ಟು ಸುಮ್ನೆ ಕೂರೋದನ್ನು ಯಾವ ಕ್ಯಾಮೆರಾವೂ ನಟಿಗೆ ಮಾಡಿಕೊಡಲ್ಲ.

ಸ್ಮಿತಾ ಅವರ ವಿಷಯಕ್ಕೆ ಬಂದರೆ, ಅವರಿಗೆ ಬರಬಾರದಿತ್ತು ಅಂತ ನಾನು ಹೇಳಲ್ಲ. ನನಗೆ ಬೇಸರ ಇರೋದು ಆ ಪಾತ್ರಗಳನ್ನು ಪಕ್ಕಪಕ್ಕ ಇಡುವ ರೀತಿ ಬಗ್ಗೆ. ಹಾಡು, ಕುಣಿತ, ವಯಸ್ಸು ಬದಲಾಗೋದು, ಇವನ್ನೆಲ್ಲ ಎಣಿಸಬಹುದು. ತಡೆದುಕೊಂಡಿದ್ದನ್ನು ಎಣಿಸಲು ಆಗಲ್ಲ. ಹಾಗಾಗಿ ಪ್ರಶಸ್ತಿ ಯಾವಾಗಲೂ ಜಾಸ್ತಿ ಕೆಲಸ ಕಾಣುವ ಪಾತ್ರದ ಕಡೆಗೇ ಜಾರುತ್ತೆ. ಮುಂದೆ ಕಾಸರವಳ್ಳಿ ಅವರದೇ 'ಹಸೀನಾ'ಕ್ಕೆ ತಾರಾ, 'ಗುಲಾಬಿ ಟಾಕೀಸ್'ಗೆ ಉಮಾಶ್ರೀ ಶ್ರೇಷ್ಠ ನಟಿಯರಾದರು. ಇಬ್ಬರಿಗೂ ನ್ಯಾಯವಾಗಿಯೇ ಬಂತು. ಅವರ ಸಿನಿಮಾಗಳಲ್ಲಿ ಹೆಂಗಸರು ಎಷ್ಟು ಚೆನ್ನಾಗಿ ನಟಿಸುತ್ತಾರೆ ಅಂತ ದೇಶ ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯ್ತು. ಆ ದಾರಿಯಲ್ಲಿ ಮೊದಲು ನಡೆದವರು ಯಮುನಾ ಆಗಿದ್ದ ಮೀನಾ ಕುಟ್ಟಪ್ಪ.

ನನ್ನ ಮತ ಬದಲಾಗಿಲ್ಲ: ಅವರಿಗೆ ಬರಬೇಕಿತ್ತು. ಹಂಚಿಯಾದರೂ ಬರಬೇಕಿತ್ತು.

2024ರಲ್ಲಿ ಈ ಸಿನಿಮಾವನ್ನು ಸರಿಪಡಿಸಿದ ಪ್ರತಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆ ಕಂಡಿದೆ. ಮಸುಕಾದ ಹಳೆ ಪ್ರತಿಗಳಲ್ಲಿ ಅವರ ಮುಖ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ನಿಮ್ಮೂರ ಹತ್ತಿರ ಹೊಸ ಪ್ರತಿಯ ಪ್ರದರ್ಶನ ಆದರೆ ತಪ್ಪಿಸಿಕೊಳ್ಳಬೇಡಿ. ಒಂದು ಸಲ ನಾಣಿಯನ್ನು ಬಿಟ್ಟು ಬರೀ ಯಮುನಾಳನ್ನೇ ನೋಡಿ, ಆಮೇಲೆ ಇಲ್ಲಿ ಬಂದು ಬರೆಯಿರಿ. ಉತ್ತರ 1 ಬರೆದವರೇ, ನಿಮ್ಮನ್ನೇ ಮೊದಲು ಕೇಳ್ತೀನಿ.