ಸ್ಕ್ರಿಪ್ಟ್ ಕೊಡದೆ ಮಕ್ಕಳ ಕೈಲಿ ನಟನೆ ಮಾಡಿಸೋದು ಹೆಂಗೆ? ಕೊರೆ-ಎಡಾ ಸಿನಿಮಾ ನೋಡಿದವರು ಹೇಳಿ

ಬಂಗಾರಪೇಟೆ_ವಿಡಿಯೋ:
ಎಲ್ಲರಿಗೂ ನಮಸ್ಕಾರ. ನಂದು ಮದುವೆ ವಿಡಿಯೋ ಕೆಲಸ, ಹನ್ನೆರಡು ವರ್ಷದಿಂದ. "ಸ್ವಲ್ಪ ಇಲ್ಲಿ ನೋಡಿ ನಗಿ ಸಾರ್" ಅನ್ನೋದ್ರಲ್ಲೇ ಹೊಟ್ಟೆ ಹೊರೆದಿದ್ದೀನಿ. ಈಗ ಧನುರ್ಮಾಸ, ಮದುವೆ ಇಲ್ಲ, ಕೈ ಖಾಲಿ. ಹತ್ತು ನಿಮಿಷದ ಕಿರುಚಿತ್ರ ಮಾಡೋಣ ಅಂತ ಕೂತಿದ್ದೀನಿ. ನಮ್ಮಮ್ಮ, ಅಕ್ಕನ ಮಕ್ಕಳಿಬ್ಬರು, ಮುಂದೆ ನೆನೆಸಿದ ಅವರೆಕಾಳು. ಮೂರು ಜನ ಕೂತು ಹಿತುಕ್ತಾ ಇರ್ತಾರೆ, ನಡುವೆ ಹೋದ ವರ್ಷ ತೀರಿಕೊಂಡ ನಮ್ಮಪ್ಪನ ಮಾತು ಬರುತ್ತೆ. ಅಷ್ಟೇ ಕಥೆ.

ತೊಂದರೆ ಏನಂದ್ರೆ, ಎಂಟು ವರ್ಷದ ಹುಡುಗಿ "ಅಜ್ಜೀ, ತಾತನಿಗೆ ಇದು ತುಂಬಾ ಇಷ್ಟ ಅಲ್ಲವೇ?" ಅಂತ ಆಗಸ್ಟ್ ಹದಿನೈದರ ಭಾಷಣದ ಥರ ಒಪ್ಪಿಸ್ತಾಳೆ. ತಪ್ಪು ಅವಳದ್ದಲ್ಲ, ಬರೆದವನು ನಾನು. ಹಿರೊಕಾಜು ಕೊರೆ-ಎಡಾ ಅನ್ನೋ ಜಪಾನಿ ನಿರ್ದೇಶಕರು ಮಕ್ಕಳಿಗೆ ಸ್ಕ್ರಿಪ್ಟೇ ಕೊಡಲ್ಲ ಅಂತ ಕೇಳಿದೆ. 'ಶಾಪ್‌ಲಿಫ್ಟರ್ಸ್' ಮಾತ್ರ ನೋಡಿದ್ದೀನಿ, ಅದೂ ಫೋನಲ್ಲಿ. ಹೆಂಗೆ ಮಾಡ್ತಾರೆ ಅವ್ರು?

ಕೋಲಾರಮ್ಮನ_ಕೆರೆ:
ಕೇಳಿದ್ದು ನಿಜ. ಸೆಟ್ಟಲ್ಲಿ ಮಗು ಪಕ್ಕ ಕೂತು "ಈಗ ಅಮ್ಮನಿಗೆ ಹಿಂಗೆ ಹೇಳು" ಅಂತ ಬಾಯಲ್ಲೇ ಹೇಳಿಕೊಡ್ತಾರೆ. ಓದಿ ಕಂಠಪಾಠ ಮಾಡೋಕೆ ಕೈಗೇನೂ ಸಿಗಲ್ಲ. 2004ರ 'ನೋಬಡಿ ನೋಸ್' ನೋಡಿ, ತಾಯಿ ಬಿಟ್ಟುಹೋದ ನಾಲ್ಕು ಮಕ್ಕಳ ಕಥೆ. ಸುಮಾರು ಒಂದು ವರ್ಷ ಹಿಡಿದು ಶೂಟ್ ಮಾಡಿದ್ರು. ದೊಡ್ಡ ಹುಡುಗ ಯೂಯಾ ಯಾಗಿರಾಗೆ ಹದಿನಾಲ್ಕನೇ ವಯಸ್ಸಿಗೆ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ನೀವು ನೋಡಿದ 'ಶಾಪ್‌ಲಿಫ್ಟರ್ಸ್'ಗೆ 2018ರಲ್ಲಿ ಅಲ್ಲೇ ಪಾಮ್ ಡಿ'ಓರ್, ಅಂದ್ರೆ ಅಲ್ಲಿನ ಅತಿ ದೊಡ್ಡ ಪ್ರಶಸ್ತಿ. ದಯವಿಟ್ಟು ಟೀವೀಲಿ ಇನ್ನೊಂದ್ಸಲ ನೋಡಿ ಮಾರಾಯ್ರೆ. ಪಟಾಕಿ ಸದ್ದು ಕೇಳಿ ಮನೆಮಂದಿಯೆಲ್ಲ ಸೂರಿನ ಕೆಳಗಿಂದ ಕತ್ತೆತ್ತಿ ನೋಡ್ತಾರಲ್ಲ, ಪಟಾಕಿ ಒಂದೂ ತೋರಿಸಲ್ಲ. ಮದುವೆ ವಿಡಿಯೋದಲ್ಲಾಗಿದ್ರೆ ಡ್ರೋನ್ ಎದ್ದಿರ್ತಿತ್ತು!

ಗಡಿಯಂಚಿನ_ಟೀಚರ್:
ನಾನು ಮುಳಬಾಗಿಲಿನ ಆಚೆ ಒಂದು ಸರ್ಕಾರಿ ಪ್ರೈಮರಿ ಶಾಲೆ ಟೀಚರ್. ಮನೇಲಿ ಎರಡು ಸೀಮೆ ಹಸು, ಡೈರಿಗೆ ಹಾಲು ಹಾಕಿಯೇ ಶಾಲೆಗೆ ಹೊರಡೋದು. ಇದ್ಯಾಕೆ ಹೇಳ್ದೆ ಅಂದ್ರೆ, ಈ ಕೊರೆ-ಎಡಾ ಮಕ್ಕಳನ್ನ ನೋಡೋದು ಕಲಿತಿದ್ದು ಸಿನಿಮಾ ಸೆಟ್ಟಲ್ಲಲ್ಲ, ಒಂದು ಹಸುವಿನ ಹಿಂದೆ ಓಡಾಡಿ.

1995ರಲ್ಲಿ 'ಮಾಬೊರೊಸಿ' ಅನ್ನೋ ಮೊದಲ ಕಥಾಚಿತ್ರ ಮಾಡೋ ಮುಂಚೆ ಅವರು ಟೀವಿಗೆ ಸಾಕ್ಷ್ಯಚಿತ್ರ ಮಾಡ್ತಿದ್ರು. ನಾಗಾನೊ ಪ್ರಾಂತ್ಯದ ಇನಾ ಅನ್ನೋ ಊರಿನ ಶಾಲೇಲಿ ಒಂದು ತರಗತಿ ಮಕ್ಕಳು ಕರು ಸಾಕ್ತಿದ್ರು. ಇವರು ವರ್ಷಗಟ್ಟಲೆ ಅಲ್ಲಿಗೆ ಹೋಗಿ ಬಂದು ಚಿತ್ರೀಕರಿಸಿದ್ರು, 1991ರಲ್ಲಿ ಪ್ರಸಾರ ಆಯ್ತು. ಕರು ಬೆಳೆದು ಹಸು ಆಯ್ತು, ಗಬ್ಬ ಆಯ್ತು, ದಿನ ತುಂಬೋ ಮುಂಚೆ ಕರು ಸತ್ತು ಹುಟ್ತು. ಮಕ್ಕಳು ಅತ್ತರು. ಆದ್ರೆ ಕೆಚ್ಚಲು ತುಂಬಿದ ಮೇಲೆ ಕರೀದೆ ಬಿಡೋಕಾಗುತ್ತಾ? ಕರೆದರು, ಕುಡಿದರು. ಆಮೇಲೆ ಬರೆದ ಪದ್ಯಗಳಲ್ಲಿ ದುಃಖಾನೂ ಇತ್ತು, ಹಾಲು ರುಚಿಯಾಗಿದೆ ಅನ್ನೋದೂ ಇತ್ತು.

ನಮ್ಮನೇಲೂ ಒಂದ್ಸಲ ಹಂಗೇ ಆಗಿತ್ತು. ಕರು ಹೋದ ದಿನ ನಮ್ಮತ್ತೆ ಕಣ್ಣೊರೆಸಿಕೊಳ್ತಾನೇ ಗಿಣ್ಣು ಕಾಸಿದ್ರು, ನನ್ನ ಮಗ ಎರಡನೇ ಸಲ ಬಟ್ಟಲು ಚಾಚಿದ. ಅವನಿಗೆ ಆ ಕರು ಮೇಲೆ ಪ್ರೀತಿ ಇರ್ಲಿಲ್ಲ ಅಂತಲ್ಲ.

ನಿಮ್ಮ ಹುಡುಗಿಗೆ ನೀವು ಬರೀ ದುಃಖ ಬರೆದುಕೊಟ್ಟಿದ್ದೀರಿ, ಅದಕ್ಕೇ ಒಪ್ಪಿಸ್ತಿದ್ದಾಳೆ. 2008ರ 'ಸ್ಟಿಲ್ ವಾಕಿಂಗ್' ನೋಡಿ. ತೀರಿಕೊಂಡ ಹಿರೀಮಗನ ದಿನ ಮನೆಮಂದಿ ಸೇರ್ತಾರೆ, ತಾಯಿ ಮುಸುಕಿನ ಜೋಳದ ಕಾಳು ಬಿಡಿಸಿ ಟೆಂಪುರಾ, ಅಂದ್ರೆ ಜಪಾನಿ ಬಜ್ಜಿ, ಕರೀತಾಳೆ. ಎಣ್ಣೇಲಿ ಕಾಳು ಸಿಡಿಯುತ್ತೆ, ಎಲ್ಲರೂ ಅಡುಗೆಮನೆ ಕಡೆ ಬರ್ತಾರೆ. ಅದೇ ತಾಯಿ ಆಮೇಲೆ ಹೆಣಿಗೆ ಹಾಕ್ತಾ ಎಂಥ ಕಟುವಾದ ಮಾತಾಡ್ತಾಳೆ ಅಂದ್ರೆ, ನನಗೆ ಒಂದು ಕ್ಷಣ ಉಸಿರು ನಿಂತಂಗಾಯ್ತು. ಆ ಟೆಂಪುರಾ ಕೊರೆ-ಎಡಾ ಅವರ ತಾಯಿ ಮಾಡ್ತಿದ್ದ ಅಡುಗೆ. ಆ ತಾಯಿ ತೀರಿಕೊಂಡ ಮೇಲೆ ಮಾಡಿದ ಸಿನಿಮಾ ಇದು.

ಕೋಲಾರಮ್ಮನ_ಕೆರೆ:
ಮೇಡಂ ಹೇಳಿದ್ದು ಸರಿ, ಒಂದು ತಿದ್ದುಪಡಿ ಮಾತ್ರ, ನಂದೇ ಮಾತಿಗೆ. ಸ್ಕ್ರಿಪ್ಟ್ ಕೊಡದೆ ಇರೋದು ವ್ರತ ಏನಲ್ಲ. 2023ರ 'ಮಾನ್‌ಸ್ಟರ್'ನಲ್ಲಿ ಹುಡುಗರಿಬ್ಬರಿಗೂ ಕೊಟ್ಟು, ರಿಹರ್ಸಲ್ ಮಾಡಿಸಿದ್ರು. ಮಗು ಯಾವ ಥರದ್ದೋ ದಾರಿ ಆ ಥರ. ಇನ್ನೊಂದು, ಎಡಿಟಿಂಗ್ ಅವರದ್ದೇ. 'ಶಾಪ್‌ಲಿಫ್ಟರ್ಸ್'ನ ಸಮುದ್ರದ ದೃಶ್ಯದಲ್ಲಿ ಅಜ್ಜಿ ಪಾತ್ರದ ಕಿರಿನ್ ಕಿಕಿ ಸದ್ದಿಲ್ಲದೆ ತುಟಿಯಲ್ಲೇ ಕೃತಜ್ಞತೆ ಹೇಳ್ತಾರೆ. ಸ್ಕ್ರಿಪ್ಟಲ್ಲಿ ಇರ್ಲಿಲ್ಲ. ಶೂಟ್ ಆದಮೇಲೆ ತುಣುಕು ನೋಡುವಾಗ ಇವರ ಕಣ್ಣಿಗೆ ಬಿತ್ತು, ಅದಕ್ಕೆ ತಕ್ಕಂಗೆ ಕಥೆ ತಿದ್ದಿದ್ರು. ತೆಗೆದ ತುಣುಕನ್ನ ಬೇಗ ಡಿಲೀಟ್ ಮಾಡ್ಬೇಡಿ.

ಬಂಗಾರಪೇಟೆ_ವಿಡಿಯೋ:
ಟೀಚರ್‌ಗೆ, ಕೆರೆ ಅಣ್ಣನಿಗೆ ಇಬ್ಬರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಟ್ರೈಪಾಡ್ ಕೆಳಗೆ ಇಳಿಸಿ, ನಾನೂ ಕಾಳು ಹಿತುಕೋಕೆ ಕೂತೆ. ಹುಡುಗಿಗೆ "ತಾತ ಎಷ್ಟು ಬೇಗ ಹಿತುಕ್ತಿದ್ರು ಅಂತ ಅಜ್ಜೀನ ಕೇಳು" ಅಂತ ಕಿವೀಲಿ ಹೇಳಿದೆ. ಕೇಳಿದಳು. ನಮ್ಮಮ್ಮ "ನಿಮ್ಮ ತಾತನಾ? ಒಂದು ದಿನ ಮುಟ್ಟಿದ್ರೆ ಕೇಳು. ತಿನ್ನೋಕೆ ಮಾತ್ರ ಮೊದಲು ಬರ್ತಿದ್ದ" ಅಂದುಬಿಟ್ರು. ಹುಡುಗಿ ನಕ್ಕಳು, ಅವಳ ಕೈಲಿದ್ದ ಬೇಳೆ ಜಾರಿ ಲೆನ್ಸಿಗೇ ಬಂದು ಬಡೀತು. ಅಮ್ಮನೂ ನಕ್ಕರು, ಆಮೇಲೆ ಸುಮಾರು ಹೊತ್ತು ಮಾತಾಡಲೇ ಇಲ್ಲ, ಸಿಪ್ಪೆ ತಟ್ಟೆ ಬೇರೆ, ಬೇಳೆ ತಟ್ಟೆ ಬೇರೆ ಮಾಡ್ತಾ ಇದ್ರು.

ನಾಲ್ಕು ನಿಮಿಷ ಬಂದಿದೆ. ಫೋಕಸ್ ಮಾತ್ರ ಪೂರ್ತಿ ಗೋಡೆ ಮೇಲಿದೆ. ಇದನ್ನ ಇಟ್ಕೊಳ್ಳಾ, ನಾಳೆ ಇನ್ನೆರಡು ಕೆಜಿ ಕಾಯಿ ತರಲಾ?

ಗಡಿಯಂಚಿನ_ಟೀಚರ್:
ಇದನ್ನೇ ಇಟ್ಕೊಳ್ಳಿ. ಕಾಯಿ ಹೆಂಗೂ ತನ್ನಿ, ಸೀಸನ್ ಮುಗೀತಾ ಬಂತು.