ಕಾಣಿಕೆ ಎಣಿಸಲು ಇಬ್ಬರು ಯಾಕೆ?

ಪ್ರಶ್ನೆ: ದೇವರ ಕಣ್ಣಿಗೆ ಮರೆಯಾದದ್ದು ಒಂದೂ ಇಲ್ಲ (ಬೈಬಲ್, ಇಬ್ರಿಯ 4:13). ಹಾಗಿದ್ದರೆ ನಂಬಿಗಸ್ತ ಖಜಾಂಚಿ ಒಬ್ಬರೇ ಚರ್ಚಿನ ಕಾಣಿಕೆ ಎಣಿಸಿದರೆ ತಪ್ಪೇನು?

ಉತ್ತರ 1: 2 ಕೊರಿಂಥ 8:20-21 ಓದಿ. ಕೂಡಿಸಿದ ಧರ್ಮದ ಹಣವನ್ನು ಪೌಲ ಒಬ್ಬನೇ ಹೊರಲಿಲ್ಲ. ಕರ್ತನ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿಯಾಗಿರಬೇಕೆಂದ. ಆರಾಧನೆ ಮುಗಿದ ಕೂಡಲೇ ಸಂಬಂಧಿಕರಲ್ಲದ ಇಬ್ಬರು ನೋಟುವಾರು ಎಣಿಸಿ, ಪಟ್ಟಿಗೆ ಇಬ್ಬರೂ ಸಹಿ ಹಾಕಿ, ಮರುದಿನವೇ ಪೂರ್ತಿ ಬ್ಯಾಂಕಿಗೆ ಕಟ್ಟಲಿ.

ಉತ್ತರ 2: ಎಡವುವುದು ಆ ‘ಪೂರ್ತಿ’ಯಲ್ಲೇ. ಹೂವಿಗೆ, ಡೀಸೆಲ್‌ಗೆ ಎಂದು ಕಟ್ಟುವ ಮೊದಲೇ ತೆಗೆದರೆ ಪಟ್ಟಿಗೂ ಪಾಸ್‌ಬುಕ್ಕಿಗೂ ತಾಳೆಯಾಗದು. ಖರ್ಚಿಗೆ ಬೇರೆ ವೋಚರ್ ಇರಲಿ.

ಪ್ರಶ್ನೆ ಕೇಳಿದವರು: ಈಗಾಗಲೇ ಯಾರಾದರೂ ತೆಗೆದುಕೊಂಡಿದ್ದರೆ?

ಉತ್ತರ 1: ಬರೀ ಪ್ರಾರ್ಥನೆ ಸಾಲದು. ಯಾಜಕಕಾಂಡ 6:5ರ ಪ್ರಕಾರ ಅಸಲು, ಮೇಲೆ ಐದನೇ ಒಂದು ಪಾಲು: ₹5,000ಕ್ಕೆ ₹6,000. ಸುಂಕದವನಾದ ಜಕ್ಕಾಯನಂತೂ (ಲೂಕ 19:8) ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಗುಟ್ಟಾಗಿ ಡಬ್ಬಿಗೆ ಹಾಕಬೇಡಿ, ಲೆಕ್ಕದಲ್ಲಿ ಬರೆಸಿ.