ಶಿಕ್ಷಣ ಸಾಲ: ವಿದ್ಯಾರ್ಥಿ ತೀರಿಕೊಂಡ ಮೇಲೆ ವಿಮೆ ಕ್ಲೇಮ್ ತಿರಸ್ಕಾರ, ಮುಂದೇನು?

ಹಸಿರೆಲೆ:
ಪರಿಚಯದ ಕುಟುಂಬವೊಂದರ ಪರವಾಗಿ ಕೇಳುತ್ತಿದ್ದೇನೆ. ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದ ಹುಡುಗ ತೀರಿಕೊಂಡ. 7 ಲಕ್ಷ ಸಾಲ, ತಂದೆ ಸಹ-ಸಾಲಗಾರರು. ಬ್ಯಾಂಕ್ ಬಿಡುಗಡೆ ಮಾಡಿದ ಸಾಲದ ಮೊದಲ ಕಂತಿನ ಜೊತೆಗೇ ವಿಮೆ ಪ್ರೀಮಿಯಂ ಕಡಿತವಾಗಿದೆ. ಹಳೆಯ ಕಾಯಿಲೆ ತಿಳಿಸಿಲ್ಲ ಎಂದು ಕಂಪನಿ ಕ್ಲೇಮ್ ತಿರಸ್ಕರಿಸಿದೆ. ಸಾಲಕ್ಕೆ ಸರ್ಕಾರದ ಗ್ಯಾರಂಟಿ ಇದೆಯಂತೆ, ಅದರಿಂದ ತೀರುವುದಿಲ್ಲವೇ?

ಲೆಕ್ಕಿಗ:
ತೀರುವುದಿಲ್ಲ. 7.5 ಲಕ್ಷದವರೆಗಿನ ಸಾಲದ ಆ ಗ್ಯಾರಂಟಿ ಬ್ಯಾಂಕಿನ ನಷ್ಟಕ್ಕೆ ರಕ್ಷಣೆ, ಜೀವವಿಮೆ ಅಲ್ಲ. ಬ್ಯಾಂಕಿಗೆ ಅಲ್ಲಿಂದ ಹಣ ಬಂದರೂ ಸಹಿ ಹಾಕಿದ ತಂದೆಯ ಹೊಣೆ ಹಾಗೇ ಉಳಿಯುತ್ತದೆ.

ವಿಮೆಯ ವಿಷಯಕ್ಕೆ ಬಂದರೆ, ಇದು ಬ್ಯಾಂಕಿನ ಹೆಸರಲ್ಲಿರುವ ಗುಂಪು ಪಾಲಿಸಿ, ಅಂದರೆ ಹಲವು ಸಾಲಗಾರರನ್ನು ಸದಸ್ಯರಾಗಿ ಸೇರಿಸುವ ಒಂದೇ ಪಾಲಿಸಿ. ಸದಸ್ಯನಿಗೆ ಸಿಗುವುದು ವಿಮಾ ಪ್ರಮಾಣಪತ್ರ ಮಾತ್ರ. ಅದನ್ನೂ ಆರೋಗ್ಯ ಘೋಷಣೆ ಇರುವ ಅರ್ಜಿಯ ಪ್ರತಿಯನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಮೊದಲು ನೋಡಬೇಕಾದ್ದು ಯಾರ ಜೀವಕ್ಕೆ ವಿಮೆ ಅನ್ನುವುದು. ಗಳಿಸುವವರು ಎಂದು ತಂದೆಯ ಹೆಸರಿಗೆ ಮಾಡಿದ್ದರೆ ಮಗನ ಸಾವಿಗೆ ಏನೂ ಬರುವುದಿಲ್ಲ. ಇಲ್ಲಿ ಕಂಪನಿ ಕಾಯಿಲೆಯ ಮಾತೆತ್ತಿದೆ ಅಂದರೆ ಹುಡುಗನ ಹೆಸರಲ್ಲೇ ಇರಬಹುದು, ಆದರೂ ಖಚಿತಪಡಿಸಿಕೊಳ್ಳಿ.

ಆಮೇಲೆ ನೋಡಬೇಕಾದ್ದು ರಿಸ್ಕ್ ಆರಂಭವಾದ ದಿನ, ಅಂದರೆ ವಿಮಾ ರಕ್ಷಣೆ ಶುರುವಾದ ದಿನ. 1938ರ ವಿಮಾ ಕಾಯ್ದೆಯ ಸೆಕ್ಷನ್ 45ರ ಪ್ರಕಾರ ಅಲ್ಲಿಂದ 3 ವರ್ಷ ಕಳೆದ ಮೇಲೆ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. 3 ವರ್ಷದ ಒಳಗಿದ್ದರೆ ತಕರಾರು ಎತ್ತಬಹುದು, ಆದರೆ ಕಾರಣ ಮತ್ತು ಆಧಾರವನ್ನು ಲಿಖಿತವಾಗಿ ಕೊಡಲೇಬೇಕು. ಮುಚ್ಚಿಟ್ಟದ್ದು ವಿಮೆ ಕೊಡುವ ನಿರ್ಧಾರವನ್ನೇ ಬದಲಿಸುವಂಥದ್ದು ಎಂದು ತೋರಿಸುವ ಹೊರೆಯೂ ಅವರದೇ. ವಂಚನೆಯಲ್ಲದ ಕಾರಣಕ್ಕೆ ತಿರಸ್ಕರಿಸಿದರೆ ಕಟ್ಟಿದ ಪ್ರೀಮಿಯಂ 90 ದಿನದೊಳಗೆ ವಾಪಸ್ ಬರಬೇಕು. ಅರ್ಜಿಯಲ್ಲಿ ಟಿಕ್ ಹಾಕಿದವರು ಯಾರು ಅನ್ನುವುದನ್ನು ಗಮನಿಸಿ. ಬ್ಯಾಂಕ್ ಸಿಬ್ಬಂದಿಯೇ ತುಂಬಿ ಸಹಿ ಮಾತ್ರ ಹಾಕಿಸಿಕೊಂಡಿದ್ದರೆ ಅದು ಗಟ್ಟಿ ವಾದ.

ಹಸಿರೆಲೆ:
ಪ್ರಮಾಣಪತ್ರ ಅವರ ಕೈಗೆ ಬಂದೇ ಇಲ್ಲ.

ತುಂಗಭದ್ರ:
ಹಾಗಾದರೆ ಸಾಲ ಖಾತೆಯ ಸ್ಟೇಟ್‌ಮೆಂಟ್‌ನಲ್ಲಿ ಪ್ರೀಮಿಯಂ ಕಡಿತವಾದ ದಿನ ಹಿಡಿಯಿರಿ, ಅದು ಕಂಪನಿಗೆ ತಲುಪಿದ ದಿನವನ್ನು ಕಂಪನಿಯಿಂದಲೇ ಕೇಳಿ. ಕಡಿತ ಮಾಡಿಕೊಂಡು ಕಳಿಸದೇ ಇದ್ದರೆ ಅದು ಬ್ಯಾಂಕಿನ ಸೇವಾಲೋಪ.

ಕವರ್ ಮೊತ್ತದಲ್ಲೂ, ಅಂದರೆ ಸಾವಾದರೆ ವಿಮೆಯಿಂದ ಸಿಗುವ ಮೊತ್ತದಲ್ಲೂ, ಎಡವಟ್ಟಾಗುತ್ತದೆ. ಕೆಲವು ಯೋಜನೆಗಳಲ್ಲಿ ಕವರ್ ಮೊದಲೇ ನಿಗದಿಯಾದ ಪಟ್ಟಿಯಂತೆ ಇಳಿಯುತ್ತಾ ಹೋಗುತ್ತದೆ. ಓದುವ ಅವಧಿಯಲ್ಲಿ ಕಂತು ಕಟ್ಟದೇ ಬಡ್ಡಿ ಬೆಳೆಯುವುದರಿಂದ ಬಾಕಿ ಕವರ್‌ಗಿಂತ ಮೇಲೆ ಹೋಗಬಹುದು. ಆ ವ್ಯತ್ಯಾಸ ಸಹ-ಸಾಲಗಾರರ ಮೇಲೇ ಬೀಳುತ್ತದೆ. ಸಾವಿನ ದಿನದ ಬಾಕಿಯನ್ನು ಲಿಖಿತವಾಗಿ ಪಡೆದು, ತಗಾದೆ ಮುಗಿಯುವವರೆಗೆ ವಸೂಲಿ ತಡೆಯಲು ಬ್ಯಾಂಕಿಗೆ ಮನವಿ ಕೊಡಿ. ಬ್ಯಾಂಕ್ ಒಪ್ಪಲೇಬೇಕೆಂದಿಲ್ಲ, ಆದರೆ ದಾಖಲೆ ಇರಲಿ.

ಲೆಕ್ಕಿಗ:
ದೂರಿನ ದಾರಿ: ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ (ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಬಳಿ ಹೋಗಿ. ಶುಲ್ಕವಿಲ್ಲ, ವಕೀಲರೂ ಬೇಡ. ಆದೇಶಕ್ಕೆ ಕಂಪನಿ ಬದ್ಧ. ಬ್ಯಾಂಕಿನ ತಪ್ಪಾದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್. ಇಬ್ಬರ ತಪ್ಪೂ ಬೆರೆತಿದ್ದರೆ ಗ್ರಾಹಕ ಆಯೋಗವೇ ವಾಸಿ, ಇಬ್ಬರನ್ನೂ ಒಂದೇ ದೂರಿನಲ್ಲಿ ಸೇರಿಸಬಹುದು, ಗಡುವು 2 ವರ್ಷ. ಆಯೋಗದಲ್ಲಿ ಕೇಸು ನಡೆಯುತ್ತಿರುವಾಗ ಒಂಬುಡ್ಸ್‌ಮನ್ ಅದೇ ದೂರು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಯಾವುದು ಮೊದಲು ಅನ್ನುವುದನ್ನು ದಾಖಲೆ ಕೈಗೆ ಬಂದ ಮೇಲೆ ನಿರ್ಧರಿಸಿ.